ರೈಟ್, ರೋಟ್, ರಿಟನ್: ಭವಿಷ್ಯತ್ಕಾಲದಲ್ಲಿ ‘ರೋಟ್’ ಎಲ್ಲಿಗೆ ಹೋಯಿತು?

ನೀಲಿಶಾಯಿ:
ಮಗಳಿಗೆ ಇಂಗ್ಲಿಷ್ ವ್ಯಾಕರಣವನ್ನು ಮನೆಯಲ್ಲಿ ನಾನೇ ಹೇಳಿಕೊಡುತ್ತಿದ್ದೇನೆ. ಅನಿಯತ ಕ್ರಿಯಾಪದಗಳ ಮೂರು ರೂಪಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದೆ. ರೈಟ್, ರೋಟ್, ರಿಟನ್ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ನಿನ್ನೆ ಅದೇ ಕ್ರಿಯಾಪದದ ನಾಲ್ಕು ಭವಿಷ್ಯತ್ ರೂಪಗಳನ್ನು ಬರೆಯಲು ಹೇಳಿದೆ. ಅವಳು ಬರೆದದ್ದು ಹೀಗೆ:

ಐ ವಿಲ್ ರೈಟ್.
ಐ ವಿಲ್ ಬಿ ರೈಟಿಂಗ್.
ಐ ವಿಲ್ ಹ್ಯಾವ್ ರೋಟ್.
ಐ ವಿಲ್ ಹ್ಯಾವ್ ಬೀನ್ ರಿಟನ್.

ಮೊದಲೆರಡು ಸರಿ. ಮೂರನೆಯದನ್ನು ‘ಐ ವಿಲ್ ಹ್ಯಾವ್ ರಿಟನ್’ ಎಂದೂ ನಾಲ್ಕನೆಯದನ್ನು ‘ಐ ವಿಲ್ ಹ್ಯಾವ್ ಬೀನ್ ರೈಟಿಂಗ್’ ಎಂದೂ ತಿದ್ದಿದೆ. ಹಾಳೆಯನ್ನು ನೋಡಿ ಅವಳು ಕೇಳಿದಳು: ‘ಅಮ್ಮಾ, ಮೂರು ರೂಪ ಕಲಿಸಿದೆ. ನಾಲ್ಕು ವಾಕ್ಯಗಳಲ್ಲಿ ರೋಟ್ ಒಂದರಲ್ಲೂ ಇಲ್ಲವಲ್ಲ, ಅದು ಎಲ್ಲಿಗೆ ಹೋಯಿತು?’ ನಾನು ‘ನಿಯಮ ಹಾಗಿದೆ’ ಎಂದುಬಿಟ್ಟೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಬಲ್ಲವರು ದಯವಿಟ್ಟು ಕಾರಣ ತಿಳಿಸಿ. ಸೂತ್ರ ನನಗೆ ಗೊತ್ತು, ಬೇಕಿರುವುದು ಕಾರಣ.

ಹಳೆಯ ಮೇಷ್ಟ್ರು:
ನಿಮ್ಮ ಮಗಳ ಪ್ರಶ್ನೆ ಬಹಳ ಒಳ್ಳೆಯದು. ಮಕ್ಕಳು ಹೀಗೆ ಕೇಳಿದಾಗ ‘ನಿಯಮ ಹಾಗಿದೆ’ ಎಂದು ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ಆ ಉತ್ತರ ಸಾಲದು ಎಂದು ತಡವಾಗಿ ಅರಿವಾಯಿತು.

ಇಂಗ್ಲಿಷಿನ ಒಂದು ಕ್ರಿಯಾಪದ ಗುಂಪಿನಲ್ಲಿ ಎಷ್ಟೇ ಪದಗಳಿರಲಿ, ಕಾಲದ ಹೊರೆ ಹೊರುವುದು ಒಂದೇ ಪದ, ಅದೂ ಮೊದಲನೆಯದು. ‘ಶಿ ರೋಟ್’ ಎಂದಾಗ ಹೊರೆ ರೋಟ್ ಮೇಲಿದೆ. ‘ಶಿ ವಿಲ್ ರೈಟ್’ ಎಂದಾಗ ಅದು ವಿಲ್ ಮೇಲಿದೆ. ರೋಟ್ ಎಂಬುದು ಹುಟ್ಟಿನಿಂದಲೇ ಭೂತಕಾಲವನ್ನು ಹೊತ್ತ ಪದ, ಅದನ್ನು ಕೆಳಗಿಳಿಸಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಅದು ಯಾವ ಸಹಾಯಕ ಕ್ರಿಯಾಪದದ ಹಿಂದೆಯೂ ನಿಲ್ಲಲಾರದು. ‘ಡಿಡ್ ನಾಟ್ ರೋಟ್’ ತಪ್ಪಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಡಿಡ್ ಆಗಲೇ ಭೂತಕಾಲವನ್ನು ಹೊತ್ತಿದೆ.

ರಿಟನ್ ಹಾಗಲ್ಲ, ಅದಕ್ಕೆ ಕಾಲವೇ ಇಲ್ಲ. ‘ಕೆಲಸ ಮುಗಿದಿದೆ’ ಎಂಬ ಸ್ಥಿತಿಯನ್ನಷ್ಟೇ ಅದು ಹೇಳುತ್ತದೆ. ಎಂದು ಮುಗಿಯಿತು, ಎಂದು ಮುಗಿಯುತ್ತದೆ ಎಂಬುದನ್ನು ಮುಂದಿರುವ ಪದ ನಿರ್ಧರಿಸುತ್ತದೆ. ಆದ್ದರಿಂದ ‘ಹ್ಯಾಸ್ ರಿಟನ್’, ‘ಹ್ಯಾಡ್ ರಿಟನ್’, ‘ವಿಲ್ ಹ್ಯಾವ್ ರಿಟನ್’ ಎಲ್ಲದರಲ್ಲೂ ಅದು ಹೊಂದಿಕೊಳ್ಳುತ್ತದೆ.

ಇನ್ನೊಂದು ಮಾತು. ವಿಲ್ ಆದ ಮೇಲೆ ಯಾವಾಗಲೂ ಧಾತುರೂಪ, ಕರ್ತೃ ಯಾರೇ ಇರಲಿ. ‘ಹಿ ವಿಲ್ ಹ್ಯಾಸ್ ರಿಟನ್’ ಎಂದು ಬರೆಯುವ ಮಕ್ಕಳಿದ್ದಾರೆ. ಹಿ ಬಂದ ಕೂಡಲೇ ಕೈ ತಾನಾಗಿ ಹ್ಯಾಸ್ ಬರೆಯುತ್ತದೆ. ಅದೂ ಹ್ಯಾವ್ ಆಗಿಯೇ ಇರಬೇಕು. ಇಂಗ್ಲಿಷಿನಲ್ಲಿ ಅತ್ಯಂತ ಅನಿಯತವಾದ ‘ಬಿ’ ಕ್ರಿಯಾಪದವನ್ನೇ ನೋಡಿ. ಆಮ್, ಈಸ್, ಆರ್, ವಾಸ್, ವರ್ ಎಂದು ಐದು ವೇಷ ಹಾಕುತ್ತದೆ. ವಿಲ್ ಎದುರಿಗೆ ಬಂದರೆ ಎಲ್ಲವನ್ನೂ ಕಳಚಿ ಬರಿಯ ‘ಬಿ’ ಆಗುತ್ತದೆ. ಎಲ್ಲ ಕ್ರಿಯಾಪದಗಳಿಗೂ ಇದೇ ಮಾತು.

ಅನುವಾದದ ಮೇಜು:
ಮೇಷ್ಟ್ರು ಹೇಳಿದ್ದನ್ನು ನಿಮ್ಮ ಮಗಳಿಗೆ ಕನ್ನಡದಲ್ಲೇ ತೋರಿಸಬಹುದು. ಅವಳು ಆ ವ್ಯಾಕರಣವನ್ನು ಆಗಲೇ ಬಲ್ಲಳು, ಬಲ್ಲೆನೆಂದು ಅವಳಿಗೆ ಗೊತ್ತಿಲ್ಲ ಅಷ್ಟೇ.

‘ಹೋಗು’ ಧಾತುವನ್ನು ತೆಗೆದುಕೊಳ್ಳಿ. ಹೋಗು, ಹೋದ, ಹೋಗಿ. ಇಲ್ಲೂ ಮೂರು ರೂಪ. ಈಗ ಭವಿಷ್ಯತ್ತಿನಲ್ಲಿ ಹೇಳಿಸಿ:

ನಾಳೆ ಅವನು ಹೋಗುತ್ತಾನೆ.
ನಾಳೆ ಈ ಹೊತ್ತಿಗೆ ಅವನು ಹೋಗುತ್ತಿರುತ್ತಾನೆ.
ನಾಳೆ ಈ ಹೊತ್ತಿಗೆ ಅವನು ಹೋಗಿರುತ್ತಾನೆ.

‘ಹೋದ’ ಎಲ್ಲಿದೆ? ಎಲ್ಲೂ ಇಲ್ಲ. ‘ಅವನು ಹೋದಿರುತ್ತಾನೆ’ ಎಂದು ಮೂರು ವರ್ಷದ ಮಗುವೂ ಹೇಳುವುದಿಲ್ಲ. ‘ಹೋದಿರುತ್ತಾನೆ’ ಕಿವಿಗೆ ಎಷ್ಟು ಕರ್ಕಶವೋ, ಇಂಗ್ಲಿಷ್ ತಾಯ್ನುಡಿಯವರ ಕಿವಿಗೆ ‘ವಿಲ್ ಹ್ಯಾವ್ ವೆಂಟ್’ ಸಾಮಾನ್ಯವಾಗಿ ಅಷ್ಟೇ ಕರ್ಕಶ. ಗೋ, ವೆಂಟ್, ಗಾನ್ ಎಂಬುದರ ಪಕ್ಕದಲ್ಲಿ ಹೋಗು, ಹೋದ, ಹೋಗಿ ಎಂದು ಬರೆದು ತೋರಿಸಿ. ಮೂರನೆಯದಕ್ಕೆ ‘ಇರು’ ಸೇರಿದರೆ ಹೋಗಿರುತ್ತಾನೆ, ಅಲ್ಲಿ ‘ಹ್ಯಾವ್’ ಸೇರಿದರೆ ‘ವಿಲ್ ಹ್ಯಾವ್ ಗಾನ್’.

‘ಬರು’ ಸ್ವಲ್ಪ ಬೇರೆ. ಬಂದನು, ಬಂದಿರುತ್ತಾನೆ: ಎರಡರಲ್ಲೂ ‘ಬಂದ್’ ಒಂದೇ. ಅದು ಬೈ, ಬಾಟ್, ಬಾಟ್ ಎನ್ನುವ ಜಾತಿ. ತರು, ಕೊಡು, ಬೀಳು, ನಿಲ್ಲು ಇವೆಲ್ಲ ಆ ಸಾಲಿಗೇ ಸೇರುತ್ತವೆ. ಗಮನಿಸಬೇಕಾದ ವಿಷಯವೆಂದರೆ, ‘ಬರುತ್ತಾನೆ’, ‘ಬರುತ್ತಿರುತ್ತಾನೆ’ ಎನ್ನುವಾಗ ಈ ಧಾತುಗಳ ಡೊಂಕು ಕಾಣಿಸುವುದೇ ಇಲ್ಲ. ಅದು ಹೊರಗೆ ಬರುವುದು ‘ಮುಗಿದಿರುತ್ತದೆ’ ಎಂಬ ಅರ್ಥ ಬಂದಾಗ ಮಾತ್ರ. ಇಂಗ್ಲಿಷಿನಲ್ಲೂ ಅಷ್ಟೇ. ನಾಲ್ಕು ಭವಿಷ್ಯತ್ ರೂಪಗಳಲ್ಲಿ ಅನಿಯತ ಕ್ರಿಯಾಪದವು ತನ್ನ ಅನಿಯತತೆಯನ್ನು ತೋರಿಸುವುದು ಮೂರನೆಯದರಲ್ಲಿ, ಅಲ್ಲೊಂದರಲ್ಲೇ. ಉಳಿದ ಮೂರರಲ್ಲಿ ರೈಟ್ ಕೂಡ ವಾಕ್, ಟಾಕ್‌ಗಳಷ್ಟೇ ಸಾಧು.

ನಾಲ್ಕನೆಯದಕ್ಕೆ ಮಾತ್ರ ಕನ್ನಡದಲ್ಲಿ ನೇರವಾದ ಜೋಡಿ ಸಿಗುವುದಿಲ್ಲ. ‘ಬೈ ನೂನ್ ಐ ವಿಲ್ ಹ್ಯಾವ್ ಬೀನ್ ರೈಟಿಂಗ್ ಫಾರ್ ತ್ರೀ ಅವರ್ಸ್’ ಎಂಬುದನ್ನು ನಾನು ‘ಮಧ್ಯಾಹ್ನಕ್ಕೆ ನಾನು ಬರೆಯಲು ಕುಳಿತು ಮೂರು ಗಂಟೆಯಾಗಿರುತ್ತದೆ’ ಎಂದು ಅನುವಾದಿಸುತ್ತೇನೆ. ನಮ್ಮಲ್ಲಿ ವಾಕ್ಯದ ಕರ್ತೃವೇ ಬದಲಾಗಿ ಕಾಲ ಆ ಜಾಗಕ್ಕೆ ಬರುತ್ತದೆ. ಪದಕ್ಕೆ ಪದ ಇಟ್ಟು ಹೇಳಲು ಹೊರಟರೆ ಮಕ್ಕಳು ಸೋಲುವುದು ಇಲ್ಲೇ.

ಕಡ್ಡಿಮುರಿ:
ಮೇಷ್ಟ್ರೇ, ‘ಎಲ್ಲ ಕ್ರಿಯಾಪದಗಳಿಗೂ’ ಎಂದಿರಿ. ಕ್ಯಾನ್ ಮತ್ತು ಮಸ್ಟ್ ಏನಾದವು? ‘ಐ ವಿಲ್ ಕ್ಯಾನ್ ರೈಟ್’ ಎಂದು ಯಾರೂ ಬರೆಯುವುದಿಲ್ಲ.

ಹಳೆಯ ಮೇಷ್ಟ್ರು:
ಸರಿಯಾದ ಆಕ್ಷೇಪ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಕ್ಯಾನ್, ಮಸ್ಟ್, ಮೇ ಇವುಗಳಿಗೆ ಧಾತುರೂಪವೇ ಇಲ್ಲ, ‘ಟು ಕ್ಯಾನ್’ ಎಂಬುದಿಲ್ಲ. ವಿಲ್ ಕೇಳುವುದು ಧಾತುರೂಪವನ್ನು. ಇಲ್ಲದ್ದನ್ನು ಕೊಡಲಾಗದು. ಆದ್ದರಿಂದ ಬೇರೆ ಮಾತಿನ ಸಹಾಯ ಪಡೆಯಬೇಕು: ಕ್ಯಾನ್‌ಗೆ ‘ವಿಲ್ ಬಿ ಏಬಲ್ ಟು’, ಮಸ್ಟ್‌ಗೆ ‘ವಿಲ್ ಹ್ಯಾವ್ ಟು’. ವಿಲ್ ಕೂಡ ಇದೇ ಗುಂಪಿನದು. ಹೀಗಾಗಿ ಎರಡು ಅಕ್ಕಪಕ್ಕ ನಿಲ್ಲುವುದಿಲ್ಲ.

ನೀಲಿಶಾಯಿ:
‘ಹೋದಿರುತ್ತಾನೆ’ ಉದಾಹರಣೆ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಹೋದಿರುತ್ತಾನೆ, ಹೋದಿರುತ್ತಾನೆ’ ಎಂದು ಎರಡು ಸಲ ತಾನೇ ಹೇಳಿ ನೋಡಿಕೊಂಡಳು. ಆಮೇಲೆ ‘ಛೆ, ಇದು ಬರುವುದೇ ಇಲ್ಲ’ ಎಂದಳು. ನನಗೆ ನಿಜಕ್ಕೂ ಸಂತೋಷವಾಯಿತು.

ಆದರೆ ಒಂದು ಅನುಮಾನ ಉಳಿದಿದೆ. ಹ್ಯಾವ್ ಆದ ಮೇಲೆ ಮೂರನೆಯ ರೂಪ ಬರಬೇಕೆಂದು ಗೊತ್ತಿದ್ದೂ ಅವಳ ಕೈ ರೋಟ್ ಬರೆದದ್ದು ಏಕೆ?

ಹಳೆಯ ಮೇಷ್ಟ್ರು:
ನಿಯತ ಕ್ರಿಯಾಪದಗಳಿಂದ ಬಂದ ಅಭ್ಯಾಸ ಅದು. ವರ್ಕ್, ವರ್ಕ್ಡ್, ವರ್ಕ್ಡ್. ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಮುಖ. ‘ಐ ವಿಲ್ ಹ್ಯಾವ್ ವರ್ಕ್ಡ್’ ಎಂದು ನೂರು ಸಲ ಬರೆದ ಮಗು, ಅಲ್ಲಿರುವುದು ಭೂತಕಾಲವೆಂದೇ ನಂಬಿರುತ್ತದೆ. ಉತ್ತರ ಸರಿಯಿರುವುದರಿಂದ ತಪ್ಪು ತಿಳಿವಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೈಟ್, ಬ್ರೇಕ್, ಚೂಸ್, ಸ್ಪೀಕ್ ಬಂದಾಗ ಅದು ಬಯಲಾಗುತ್ತದೆ. ಅದಕ್ಕೇ ನಾನು ಫ್ಯೂಚರ್ ಪರ್ಫೆಕ್ಟ್ ಕಲಿಸುವಾಗ ಮೊದಲ ಉದಾಹರಣೆಯಾಗಿ ನಿಯತ ಕ್ರಿಯಾಪದವನ್ನು ತೆಗೆದುಕೊಳ್ಳುವುದನ್ನೇ ಬಿಟ್ಟೆ. ಸುಲಭದಿಂದ ಶುರು ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ, ಇಲ್ಲಿ ಆ ಸುಲಭವೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಗಳಿಗೆ ಇದನ್ನೂ ಹೇಳಿ, ಧೈರ್ಯ ಬರಲಿ: ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ಒಳ್ಳೆಯ ಬರಹಗಾರರೂ ‘ಹ್ಯಾವ್ ರೋಟ್’ ಎಂದು ಬರೆದದ್ದುಂಟು. ಇಂದಿನ ಶಿಷ್ಟ ಬರಹದಲ್ಲಿ ಅದು ಒಪ್ಪಿತವಲ್ಲ.

ಕಡ್ಡಿಮುರಿ:
ಅನುವಾದದ ಮೇಜಿನವರ ಹೋಲಿಕೆ ಚೆನ್ನಾಗಿದೆ, ಪೂರ್ತಿ ಒಪ್ಪಲಾರೆ. ಕನ್ನಡದಲ್ಲಿ ಭವಿಷ್ಯತ್ತನ್ನು ಭೂತದ ಅಂಗದಿಂದಲೇ ಕಟ್ಟುವ ರೂಪವೊಂದಿದೆ. ‘ಜೋಪಾನ, ಬಿದ್ದೀಯ!’ ಎನ್ನುತ್ತೇವೆ. ‘ಮಳೆ ಬಂದೀತು’, ‘ಅವನು ಹೋದಾನು’. ಬಿದ್ದ್, ಬಂದ್, ಹೋದ್ ಮೂರೂ ಭೂತದ ಅಂಗಗಳು, ಅರ್ಥ ಮಾತ್ರ ಇನ್ನೂ ನಡೆಯದ ಕೆಲಸದ್ದು. ‘ಹೋದ’ ಭವಿಷ್ಯತ್ತಿನಲ್ಲಿ ಎಲ್ಲೂ ಇಲ್ಲ ಎಂದರೆ ಹೇಗೆ?

ಅನುವಾದದ ಮೇಜು:
ಒಪ್ಪಿದೆ. ಸಂಭಾವನಾರೂಪವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀವು ಎತ್ತಿದ ಮಾತಿನಲ್ಲಿ ಇನ್ನೂ ದೊಡ್ಡ ವಿಷಯವಿದೆ. ನಮ್ಮವರು ಭವಿಷ್ಯತ್ಕಾಲದಲ್ಲಿ ಮಾಡುವ ತಪ್ಪುಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತವೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಅವನು ಬಂದರೆ ಹೇಳುತ್ತೇನೆ’, ‘ಬಂದಾಗ ಹೇಳುತ್ತೇನೆ’, ‘ಬಂದ ಮೇಲೆ ಹೇಳುತ್ತೇನೆ’. ಮೂರರಲ್ಲೂ ಅವನು ಇನ್ನೂ ಬಂದಿಲ್ಲ, ಆದರೂ ನಾವು ‘ಬಂದ್’ ಎನ್ನುತ್ತೇವೆ. ಹೇಳುವ ಹೊತ್ತಿಗೆ ಬರುವುದು ಮುಗಿದಿರುತ್ತದೆ ಎಂಬ ನೋಟ ನಮ್ಮದು. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಬರೆದರೆ ‘ಆಫ್ಟರ್ ಹಿ ಕೇಮ್, ಐ ವಿಲ್ ಟೆಲ್’ ಆಗುತ್ತದೆ. ತಪ್ಪು. ಆಗಬೇಕಾದದ್ದು ‘ಆಫ್ಟರ್ ಹಿ ಕಮ್ಸ್’.

ಈಗ ಇನ್ನೊಂದು ಕಡೆ ನೋಡಿ. ‘ಅವನು ಬರುವ ಮೊದಲು’, ‘ಬರುವವರೆಗೆ’. ಇಲ್ಲಿ ‘ಬರುವ’ ಎಂಬುದು ನಮ್ಮ ಭವಿಷ್ಯತ್ ಕೃದಂತ. ಅದನ್ನೇ ಇಂಗ್ಲಿಷಿಗೆ ತಂದರೆ ‘ಬಿಫೋರ್ ಹಿ ವಿಲ್ ಕಮ್’, ‘ಅಂಟಿಲ್ ಹಿ ವಿಲ್ ಕಮ್’. ಇವೂ ತಪ್ಪು. ‘ಬಿಫೋರ್ ಹಿ ಕಮ್ಸ್’, ‘ಅಂಟಿಲ್ ಹಿ ಕಮ್ಸ್’ ಎಂದೇ ಇರಬೇಕು.

ಕನ್ನಡ ಎರಡು ರೂಪ ಬಳಸುವಲ್ಲಿ ಇಂಗ್ಲಿಷ್ ಎರಡನ್ನೂ ಬಿಟ್ಟು ವರ್ತಮಾನದ ಮೇಲೆ ನಿಲ್ಲುತ್ತದೆ. ಮುಖ್ಯ ವಾಕ್ಯದಲ್ಲಿ ವಿಲ್ ಒಮ್ಮೆ ಬಂದರೆ ಸಾಕು, ಸಮಯವನ್ನೋ ಷರತ್ತನ್ನೋ ಹೇಳುವ ಉಪವಾಕ್ಯ ಅದನ್ನು ಮತ್ತೆ ಹೊರುವುದಿಲ್ಲ. ಕೆಲಸ ಮುಗಿದಿರಬೇಕೆಂದು ಒತ್ತಿ ಹೇಳಬೇಕಾದರೂ ಅಲ್ಲಿ ‘ವಿಲ್ ಹ್ಯಾವ್’ ಬರುವುದಿಲ್ಲ, ‘ವೆನ್ ಶಿ ಹ್ಯಾಸ್ ರಿಟನ್ ದ ಲೆಟರ್’ ಎನ್ನಬೇಕು. ನೋಡಿ, ಇಲ್ಲೂ ರಿಟನ್‌ಗೆ ಜಾಗವಿದೆ, ರೋಟ್‌ಗೆ ಇಲ್ಲ.

ವೆನ್ ಬಂದಾಗ ಒಂದು ಎಚ್ಚರಿಕೆ ಬೇಕು. ‘ಐ ಡು ನಾಟ್ ನೋ ವೆನ್ ಹಿ ವಿಲ್ ಕಮ್’ ಎಂಬುದು ಸರಿಯಾದ ವಾಕ್ಯ. ಅದಕ್ಕೆ ನಾನು ಬಳಸುವ ಪರೀಕ್ಷೆ ಇದು: ಕನ್ನಡಕ್ಕೆ ತಂದಾಗ ‘ಯಾವಾಗ’ ಎಂದಾದರೆ ವಿಲ್ ಬರಬಹುದು, ‘ಬಂದಾಗ’ ಎಂಬಲ್ಲಿಯ ‘ಆಗ’ ಆದರೆ ಬರಬಾರದು. ಇಷ್ಟು ವರ್ಷಗಳಲ್ಲಿ ಈ ಪರೀಕ್ಷೆ ನನ್ನ ಕೈಬಿಟ್ಟಿಲ್ಲ.

ತಡವಾಗಿ ಬಂದವರು:
ಚರ್ಚೆಯನ್ನು ಮೊದಲಿನಿಂದ ಓದಿದೆ. ನಾವು ಶಾಲೆಯಲ್ಲಿದ್ದಾಗ ಐ ಮತ್ತು ವಿ ಬಂದರೆ ಶಲ್, ಉಳಿದವಕ್ಕೆ ವಿಲ್ ಎಂದು ಕಲಿತಿದ್ದೆವು. ಇಲ್ಲಿ ಯಾರೂ ಶಲ್ ಎನ್ನುತ್ತಿಲ್ಲ. ನಿಯಮ ಬದಲಾಯಿತೇ?

ಹಳೆಯ ಮೇಷ್ಟ್ರು:
ಜಾನ್ ವಾಲಿಸ್ ಎಂಬ ಗಣಿತಜ್ಞರು 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಆ ನಿಯಮವಿದೆ. ಅಲ್ಲಿಂದ ಮುಂದೆ ಪಠ್ಯಗಳು ಅದನ್ನು ಹೇಳುತ್ತಲೇ ಬಂದವು. ಜನರ ಮಾತು ಎಂದೂ ಅದಕ್ಕೆ ಪೂರ್ತಿಯಾಗಿ ತಲೆಬಾಗಲಿಲ್ಲ. ಈಗ ಎಲ್ಲ ಕರ್ತೃಗಳಿಗೂ ವಿಲ್ ಸಾಕು. ಶಲ್ ಉಳಿದಿರುವುದು ‘ಶಲ್ ಐ ರೈಟ್?’ ಎಂದು ಅನುಮತಿ ಕೇಳುವಲ್ಲಿ, ‘ಶಲ್ ವಿ ಗೋ?’ ಎಂದು ಕರೆಯುವಲ್ಲಿ ಮತ್ತು ಕಾನೂನಿನ ಬರಹದಲ್ಲಿ.

ಈ ಎರಡು ಪದಗಳ ಹುಟ್ಟು ಬಹಳ ಸ್ವಾರಸ್ಯದ್ದು. ಹಳೆಯ ಇಂಗ್ಲಿಷಿನಲ್ಲಿ ವಿಲ್ ಎಂದರೆ ‘ಬಯಸು’, ಶಲ್ ಎಂದರೆ ‘ಋಣಿಯಾಗಿರು, ಮಾಡಲೇಬೇಕಾಗಿರು’. ಹಾಗಾಗಿ ‘ಐ ವಿಲ್ ರೈಟ್’ ಎಂಬುದು ಮೊದಲಿಗೆ ‘ನಾನು ಬರೆಯಬಯಸುತ್ತೇನೆ’ ಎಂಬ ಮಾತಾಗಿತ್ತು. ಬಯಕೆ ಕರಗಿ ಮುಂದಿನ ಕಾಲ ಉಳಿಯಿತು. ‘ಬಯಸು’ ಆದ ಮೇಲೆ ‘ಬರೆದೆ’ ಹೇಗೆ ಬಂದೀತು? ವಿಲ್ ಪಕ್ಕದಲ್ಲಿ ರೋಟ್ ನಿಲ್ಲದಿರುವುದಕ್ಕೆ ಇದನ್ನೂ ಒಂದು ಕಾರಣವಾಗಿ ಮಕ್ಕಳಿಗೆ ಹೇಳಬಹುದು. ನಿಷೇಧದಲ್ಲಿ ‘ವಿಲ್ ನಾಟ್’ ಕುಗ್ಗಿ ‘ವೋಂಟ್’ ಆಗುವಾಗ ಆ ಓಕಾರ ಬಂದದ್ದು ವಿಲ್‌ಗೆ ಹಿಂದೆ ಇದ್ದ ‘ವೊಲ್’ ಎಂಬ ರೂಪದಿಂದ.

ಕಡ್ಡಿಮುರಿ:
ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲವೇ ಇಲ್ಲ ಎನ್ನುವ ವ್ಯಾಕರಣಕಾರರೂ ಇದ್ದಾರೆ ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ಕ್ರಿಯಾಪದದ ರೂಪವೇ ಬದಲಾಗುವುದು ವರ್ತಮಾನ ಮತ್ತು ಭೂತಗಳಿಗೆ ಮಾತ್ರ. ಮುಂದಿನದನ್ನು ವಿಲ್, ಗೋಯಿಂಗ್ ಟು, ಬರಿಯ ವರ್ತಮಾನ ಹೀಗೆ ನಾನಾ ಬಗೆಗಳಲ್ಲಿ ಹೇಳುತ್ತಾರೆ. ‘ಐ ಆಮ್ ಗೋಯಿಂಗ್ ಟು ರೈಟ್’ ಎಂಬಲ್ಲೂ ಬರುವುದು ಧಾತುರೂಪವೇ. ಪರೀಕ್ಷೆಗೆ ಓದುವ ಮಗುವಿಗೆ ಈ ವಾದ ಬೇಡ, ದೊಡ್ಡವರಿಗೆ ತಿಳಿದಿರಲಿ. ಕನ್ನಡದಲ್ಲೂ ‘ಹೋಗುತ್ತಾನೆ’ ಎಂಬ ಒಂದೇ ರೂಪ ಇಂದಿಗೂ ನಾಳೆಗೂ ದುಡಿಯುತ್ತಿದೆ, ‘ಹೋಗುವನು’ ಪುಸ್ತಕದ ಕಡೆಗೆ ಸರಿದಿದೆ.

ಮೂರನೆಯ ಸಾಲು:
ಅಭ್ಯಾಸಕ್ಕಾಗಿ ಕೆಲವು ಕ್ರಿಯಾಪದಗಳನ್ನು ಸೂಚಿಸುತ್ತೇನೆ, ಫ್ಯೂಚರ್ ಪರ್ಫೆಕ್ಟ್‌ನಲ್ಲಿ ಒಂದೊಂದೂ ಒಂದೊಂದು ಪಾಠ ಕಲಿಸುತ್ತದೆ.

ಕಮ್, ಕೇಮ್, ಕಮ್ ಮತ್ತು ರನ್, ರ‍್ಯಾನ್, ರನ್. ಇಲ್ಲಿ ಮೂರನೆಯ ರೂಪ ಮೊದಲನೆಯದಕ್ಕೇ ಮರಳುತ್ತದೆ. ‘ಶಿ ವಿಲ್ ಹ್ಯಾವ್ ಕಮ್’ ಸರಿ. ಮಕ್ಕಳು ಅದನ್ನು ತಪ್ಪೆಂದು ಭಾವಿಸಿ ‘ಕೇಮ್’ ಎಂದು ಕೆಡಿಸುತ್ತಾರೆ.

ರೀಡ್ ನನಗೆ ಅತಿ ಪ್ರಿಯವಾದದ್ದು. ಇಂಗ್ಲಿಷ್ ಬರಹದಲ್ಲಿ ಮೂರೂ ರೂಪ ಒಂದೇ. ಓದುವಾಗ ‘ಐ ವಿಲ್ ರೀಡ್’ ಎಂದು ದೀರ್ಘ, ‘ಐ ವಿಲ್ ಹ್ಯಾವ್ ರೆಡ್’ ಎಂದು ಹ್ರಸ್ವ. ಇಂಗ್ಲಿಷ್ ಅಕ್ಷರಗಳು ಮುಚ್ಚಿಡುವ ಈ ವ್ಯತ್ಯಾಸವನ್ನು ಕನ್ನಡ ಲಿಪಿ ತೆರೆದು ತೋರಿಸುತ್ತದೆ. ಮಗಳಿಗೆ ಇವೆರಡನ್ನೂ ಕನ್ನಡ ಅಕ್ಷರಗಳಲ್ಲಿ ಬರೆಸಿ.

ಲೈ, ಲೇ, ಲೇನ್ ಎಂದರೆ ಮಲಗು; ಲೇ, ಲೇಡ್, ಲೇಡ್ ಎಂದರೆ ಇಡು. ಒಂದರ ಭೂತಕಾಲ ಇನ್ನೊಂದರ ಧಾತು. ‘ವಿಲ್ ಲೇ’ ಎಂದರೆ ಇಡುವುದೇ ಹೊರತು ಮಲಗುವುದಲ್ಲ. ವಿಲ್ ಆದ ಮೇಲೆ ಭೂತರೂಪ ಬರುವುದಿಲ್ಲ ಎಂಬ ಮೇಷ್ಟ್ರ ಮಾತೊಂದೇ ಈ ಗೊಂದಲವನ್ನು ಬಿಡಿಸುತ್ತದೆ.

ನೋ, ನ್ಯೂ, ನೋನ್ ಎಂಬ ‘ತಿಳಿ’ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಇಂಗ್ ರೂಪದ ಭವಿಷ್ಯತ್ ಇಲ್ಲ. ತಿಳಿವು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ‘ಬರುವ ವರ್ಷಕ್ಕೆ ನಮ್ಮ ಪರಿಚಯಕ್ಕೆ ಹತ್ತು ವರ್ಷ ತುಂಬುತ್ತದೆ’ ಎನ್ನಲು ‘ವಿಲ್ ಹ್ಯಾವ್ ನೋನ್’ ಎಂದೇ ಹೇಳುತ್ತಾರೆ. ಅಂದರೆ ನಾಲ್ಕು ರೂಪ ಬರೆಯಿರಿ ಎಂದು ಎಲ್ಲ ಕ್ರಿಯಾಪದಗಳಿಗೂ ಪ್ರಶ್ನೆ ಕೊಡುವುದು ಸರಿಯಲ್ಲ.

ಗೋ ಬಗ್ಗೆಯೂ ಒಂದು ಮಾತು. ‘ವಿಲ್ ಹ್ಯಾವ್ ಗಾನ್’ ಎಂದರೆ ಆ ಹೊತ್ತಿಗೆ ಹೊರಟು ಹೋಗಿರುತ್ತಾನೆ, ಇಲ್ಲಿರುವುದಿಲ್ಲ. ಹೋಗಿ ಮರಳಿ ಬಂದಿರುವವನಾದರೆ ‘ವಿಲ್ ಹ್ಯಾವ್ ಬೀನ್ ಟು’ ಎನ್ನಬೇಕು. ವೆಂಟ್ ಎಂಬುದು ಹುಟ್ಟಿನಲ್ಲಿ ಗೋದ ಮಗುವೇ ಅಲ್ಲ, ವೆಂಡ್ ಎಂಬ ಬೇರೆ ಕ್ರಿಯಾಪದದ ಭೂತಕಾಲ. ಹಳೆಯ ರೂಪವನ್ನು ಹೊರಗಟ್ಟಿ ಬಂದು ಕುಳಿತಿತು.

ನೀಲಿಶಾಯಿಯವರೇ, ಮಗಳ ನಾಲ್ಕನೆಯ ವಾಕ್ಯವನ್ನು ಯಾರೂ ಮುಟ್ಟಲಿಲ್ಲ. ‘ವಿಲ್ ಹ್ಯಾವ್ ಬೀನ್ ರಿಟನ್’ ಎಂಬುದು ಇಂಗ್ಲಿಷಿನಲ್ಲಿ ಇರುವ ರೂಪವೇ. ಅದು ಕರ್ಮಣಿ ಪ್ರಯೋಗ. ‘ದ ಲೆಟರ್ ವಿಲ್ ಹ್ಯಾವ್ ಬೀನ್ ರಿಟನ್’ ಎಂದರೆ ಪತ್ರವನ್ನು ಬರೆದಾಗಿರುತ್ತದೆ. ಅವಳು ಕರ್ತೃವಾಗಿ ಐ ಇಟ್ಟದ್ದರಿಂದ ‘ನನ್ನನ್ನೇ ಬರೆಯಲಾಗಿರುತ್ತದೆ’ ಎಂದಾಯಿತು. ಕರ್ತೃವನ್ನು ಬದಲಿಸಿದರೆ ಅವಳ ವಾಕ್ಯ ನಿಲ್ಲುತ್ತದೆ. ಅದನ್ನು ಪೂರ್ತಿಯಾಗಿ ಹೊಡೆದು ಹಾಕಬೇಡಿ.

ನೀಲಿಶಾಯಿ:
ಆ ಕೊನೆಯ ಮಾತಿಗೆ ವಿಶೇಷ ಧನ್ಯವಾದ. ಕೆಂಪು ಗೆರೆ ಎಳೆದ ಜಾಗಕ್ಕೆ ಹೋಗಿ, ಪಕ್ಕದಲ್ಲಿ ‘ದ ಲೆಟರ್’ ಎಂದು ಬರೆದು ಸರಿ ಗುರುತು ಹಾಕಿದೆ. ಅವಳಿಗೆ ತುಂಬ ಸಂತೋಷವಾಯಿತು.

ಇಂದು ಸಂಜೆ ಅವಳು ಅಜ್ಜಿಗೆ ವಿವರಿಸುತ್ತಿದ್ದಳು: ‘ಅಜ್ಜಿ, ನೀವು ಹೋದಿರುತ್ತಾರೆ ಅನ್ನುತ್ತೀರಾ? ಇಲ್ಲ ತಾನೇ? ಅದೇ ರೀತಿ.’ ಅಜ್ಜಿಗೆ ಇಂಗ್ಲಿಷ್ ಬಾರದು. ಆದರೂ ‘ಹೌದಲ್ಲ, ಹೋಗಿರುತ್ತಾರೆ ಅಂತಲೇ ಅನ್ನಬೇಕು’ ಎಂದು ತಲೆಯಾಡಿಸಿದರು. ಆಮೇಲೆ ಬ್ರೇಕ್, ಚೂಸ್, ಫಾಲ್, ಗಿವ್ ನಾಲ್ಕನ್ನೂ ತಾನೇ ಬರೆದಳು. ಒಂದೇ ತಪ್ಪು: ರೈಟಿಂಗ್‌ಗೂ ರಿಟನ್‌ಗೂ ಎರಡೆರಡು ಟಿ ಹಾಕಿದ್ದಳು.

ಹಳೆಯ ಮೇಷ್ಟ್ರು:
ರೈಟಿಂಗ್‌ನಲ್ಲಿ ಸ್ವರ ಉದ್ದವಾಗಿ ಎಳೆಯುತ್ತದೆ, ಒಂದು ಟಿ. ರಿಟನ್‌ನಲ್ಲಿ ರಿಕಾರ ಹ್ರಸ್ವ, ಎರಡು ಟಿ. ಬೈಟ್‌ನಿಂದ ಬೈಟಿಂಗ್, ಬಿಟನ್. ಹೈಡ್‌ನಿಂದ ಹೈಡಿಂಗ್, ಹಿಡನ್. ರೈಡ್‌ನಿಂದ ರೈಡಿಂಗ್, ರಿಡನ್. ನಾಲ್ಕನ್ನೂ ಒಟ್ಟಿಗೆ ಬರೆಸಿ. ನಾಳೆ ಅವಳು ಬರೆದದ್ದನ್ನು ಇಲ್ಲಿ ಹಾಕಿ, ನಾನು ನೋಡುತ್ತೇನೆ.